ಎರಡು ಬೆರಳಗಲದ ಚೌಕ

ಹಡಗಿನವರು ಕಳಿಸಿದ ಫಾರಂನಲ್ಲಿ, ಹೆಸರಿನ ಕೆಳಗೆ
ಎರಡು ಬೆರಳಗಲದ ಒಂದು ಚೌಕ:
ಆಹಾರದ ಬಗ್ಗೆ ವಿಶೇಷ ಸೂಚನೆ ಇದ್ದರೆ ಬರೆಯಿರಿ.
ಪಿಳ್ಳಪ್ಪ ಎಂದು ಬರೆಯುವಾಗಲೇ ಕೈ ತಡೆಯಿತು,
ಮೂವತ್ತೆಂಟು ವರ್ಷ ಬಾಯಿಬಿಟ್ಟು ಕರೆಯದ ಹೆಸರು.
ಇನ್ನು ಅವರ ಕಿಡ್ನಿಯನ್ನು ಇಷ್ಟು ಜಾಗದಲ್ಲಿ
ಎಲ್ಲಿಂದ ಶುರು ಮಾಡಲಿ?

ಉಪ್ಪು ದಿನಕ್ಕೆ ಅರ್ಧ ಚಮಚ, ಎಲ್ಲ ಸೇರಿ.
ಎಳನೀರು ಬೇಡ. ಬಾಳೆಹಣ್ಣು ಬೇಡ.
ಟೊಮೆಟೊ ಬೇಡ.
ಇದನ್ನು ಬರೆದು ತಲೆಯೆತ್ತಿದೆ,
ಅವರು ಕಿಟಕಿಯ ಕಡೆ ತಿರುಗಿಕೊಂಡರು.
ಕೋಲಾರದ ಮಂಡಿಯಲ್ಲಿ ಇಪ್ಪತ್ತಾರು ವರ್ಷ
ಟೊಮೆಟೊ ಹರಾಜು ಕೂಗಿದ ಗಂಟಲು ಅದು.
ಕ್ರೇಟುಗಳ ನಡುವೆ ಸ್ಟೂಲು ಹತ್ತಿ ನಿಂತರೆ
ಕನ್ನಡದಲ್ಲಿ ಹೊರಟ ರೇಟು ತೆಲುಗಿನಲ್ಲಿ ಏರಿ
ಉರ್ದುವಿನಲ್ಲಿ ಮುಗಿಯುತ್ತಿತ್ತು.
ನಡುನಡುವೆ ಹೂಜಿ ಎತ್ತಿ, ತುಟಿಗೆ ತಾಗಿಸದೆ,
ಗಟಗಟ.
ಲೆಕ್ಕ ಯಾರಿಟ್ಟಿದ್ದರು?

ಈಗ ನಾನಿಡುತ್ತೇನೆ.
ದಿನಕ್ಕೆ ಎಂಟುನೂರು ಎಂಎಲ್.
ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ ಅದರೊಳಗೇ.
ಉಪ್ಪಿನಕಾಯಿಯ ಹಳೇ ಬಾಟಲಿ ತೊಳೆದು
ಉಗುರುಬಣ್ಣದಲ್ಲಿ ಗೆರೆ ಎಳೆದಿದ್ದೇನೆ.
ಬೆಳಿಗ್ಗೆ ತುಂಬಿಸುವುದು, ಅವರು ಕುಡಿದಷ್ಟೂ
ಗೆರೆಗೆರೆಯಾಗಿ ದಿನ ಇಳಿಯುವುದನ್ನು ನೋಡುವುದು.
ಕಾಲು ಊದಿದ ದಿನ ಇಬ್ಬರೂ ಬಾಟಲಿಯ ಕಡೆ ನೋಡುವುದಿಲ್ಲ.

ಹಡಗಿನ ಕಂಪನಿಗೆ ಫೋನು ಮಾಡಿದೆ.
ನೀರು ಎಲ್ಲಿಯದಮ್ಮ?
ಸಮುದ್ರದ್ದೇ ಮೇಡಂ, ಹಡಗಲ್ಲೇ ಶುದ್ಧ ಮಾಡ್ತೀವಿ.
ಉಪ್ಪು ಎಷ್ಟು ಉಳಿಯುತ್ತೆ?
ಹಂಡ್ರೆಡ್ ಪರ್ಸೆಂಟ್ ಸೇಫ್ ಮೇಡಂ.
ನಕ್ಕೆ. ಫೋನಿನಲ್ಲಿ ನನ್ನ ಹಲ್ಲು ಅವಳಿಗೆ ಕಾಣದು.
ನಮ್ಮೂರ ಶಾಲೆಯ ಬೋರ್‌ವೆಲ್ಲೂ ಸೇಫೇ ಆಗಿತ್ತು,
ತಣ್ಣಗೆ, ಸಿಹಿಯಾಗಿ, ತಳ ಕಾಣುವಷ್ಟು ತಿಳಿ.
ನಾವು ಏಳನೇ ಕ್ಲಾಸು ದಾಟಿದ ಮೇಲೆ ಯಾರೋ ಜೀಪಿನಲ್ಲಿ ಬಂದು
ಅದರ ಮೂತಿಗೆ ಕೆಂಪು ಬಣ್ಣ ಬಳಿದು ಹೋದರು.
ಅಷ್ಟರಲ್ಲಿ ನಮ್ಮ ಹಲ್ಲಿಗೆ ಕಂದು ಬಣ್ಣ ಬಳಿದಾಗಿತ್ತು.
ಮದುವೆಯ ಫೋಟೋದಲ್ಲಿ ನಮ್ಮ ಕಡೆಯ ನೆಂಟರೆಲ್ಲ
ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಾರೆ.

ಆದ್ದರಿಂದ ಮತ್ತೆ ಕೇಳಿದೆ: ಸೋಡಿಯಂ ಎಷ್ಟು? ಬರೆದದ್ದು ಇದೆಯಾ?
ಹೋಲ್ಡ್ ಮಾಡಿ ಮೇಡಂ.
ಹನ್ನೊಂದು ನಿಮಿಷ ಕೊಳಲು.

ಇದು ನಾನು ಪಾಲಿಸಿ ಮಾರಿ ಗೆದ್ದ ಬಹುಮಾನ,
ಕೊಚ್ಚಿಯಿಂದ ಮೂರು ರಾತ್ರಿ, ಇಬ್ಬರಿಗೆ.
ಬೇಡವೆಂದರೆ ಮಿಕ್ಸಿ ಕೊಡುತ್ತಾರೆ.
ಮಿಕ್ಸಿ ಇದೆಯಲ್ಲ ಎಂದರು ಇವರು.
ಸಮುದ್ರ ನೋಡದ ಗಂಡಸು. ಅಂತರಗಂಗೆಯ ಬಸವನ ಬಾಯಲ್ಲಿ
ಬೇಸಿಗೆಯಲ್ಲೂ ನೀರು ಬೀಳುವುದನ್ನು ನೋಡಿ
ಎಲ್ಲಿಂದ ಬರ್ತದೆ ಅಂತ ಕೇಳಬಾರದು, ಕುಡೀಬೇಕು
ಎಂದು ನನಗೆ ಬುದ್ಧಿ ಹೇಳಿದವರು.
ನಾನು ಕೇಳುತ್ತೇನೆ. ಕೇಳದೆ ಕುಡಿದು ಸಾಕಾಗಿದೆ.

ಹೊರಗಿನ ನೀರು ಒಯ್ಯಲು ಡಾಕ್ಟರ ಚೀಟಿ ಬೇಕಂತೆ.
ಚೀಟಿ ಬಂತು. ಘಟಕದಲ್ಲಿ ಐದು ರೂಪಾಯಿಯ ಬಿಲ್ಲೆ ಹಾಕಿ
ಕ್ಯಾನು ಹಿಡಿದು ತಂದೆ. ನಾಲ್ಕು ದಿನಕ್ಕೆ
ಮೂರು ಲೀಟರ್ ಇನ್ನೂರು.
ಕಡಲಿನ ಮೇಲೆ ತೇಲುವ ಊರಿಗೆ
ಕೋಲಾರದಿಂದ ನೀರು ಹೊತ್ತವರು
ನಾವೇ ಮೊದಲಿರಬೇಕು.

ರಾತ್ರಿ ಊಟವಾದ ಮೇಲೆ ಬಾಟಲಿಯ ತಳದಲ್ಲಿ
ಸ್ವಲ್ಪ ಉಳಿದಿತ್ತು. ಬಲ್ಬಿಗೆ ಹಿಡಿದು ತಿರುಗಿಸಿದರು,
ಹಣ್ಣಿನ ಕಲೆ ಹುಡುಕುವ ಹಾಗೆ.
ಆಮೇಲೆ, ಮೂರು ವರ್ಷದಿಂದ ಕೇಳದ ದನಿಯಲ್ಲಿ:
ಒಂದು ಸಮುದ್ರ! ಫಸ್ಟ್ ಕ್ವಾಲಿಟಿ!
ಉಪ್ಪು ತೆಗೆದದ್ದು! ಯಾರು ಕೂಗ್ತೀರಿ?
ಒಂದು ಹೂಜಿ, ಎಂದೆ ನಾನು.
ಹೂಜಿಯಾ? ಡಾಕ್ಟ್ರು ಒಪ್ಪಲ್ಲ, ಇಳೀರಿ!
ಒಂದು ಚೊಂಬು.
ಇಳೀರಿ ಇಳೀರಿ!
ಒಂದು ಲೋಟ. ಅರ್ಧ.
ಒಂದು ಗುಟುಕು.

ಒಂದು ಗುಟುಕು, ಒಂದ್ಸಾರಿ.
ಒಂದು ಗುಟುಕು, ರೆಂಡು ಸಾರ್ಲು.

ಮೂರನೆಯದನ್ನು ಕೂಗಲಿಲ್ಲ.
ಮುಚ್ಚಳ ತಿರುಗಿಸಿ ಬಾಟಲಿಯನ್ನು ನನ್ನ ಕಡೆ ಸರಿಸಿದರು,
ನಾಳೆಯ ಲೆಕ್ಕಕ್ಕೆ ಸೇರಿಸು ಎಂದು.
ಹಾಗೆಲ್ಲ ಸೇರಿಸುವಂತಿಲ್ಲ, ಡಾಕ್ಟರು ಹೇಳಿದ್ದಾರೆ.
ಸೇರಿಸಿದೆ.