ಮೂವತ್ತೊಂದು

ಕಲಬುರಗಿ. ಮೇ ತಿಂಗಳು. ಹತ್ತೂವರಿಗೇ
ಶಹಾಬಾದ್ ಪರಸಿ ಅಂಗಾಲು ಸುಡ್ತದ.
ಬಕೀಟಲೆ ನೀರು ಹೊಡದು ಹಾದಿ ಮಾಡ್ತೀನಿ,
ಆಮ್ಯಾಲ ಸೀಟಿ.

ಜೋಡಿ ಜೋಡಿ ಇಳೀರಿ,
ಜೋಡಿ ಕಾಣ್ಲಿಲ್ಲಂದ್ರ ನನಗ ಕೂಗ್ರಿ.
ಐದೈದು ನಿಮಿಷಕ್ಕ ತಲಿ ಎಣಸ್ತೀನಿ,
ಒಗ್ಗರಣ್ಯಾಗಿನ ಸಾಸ್ವಿ ಎಣಿಸಿದಂಗ.
ಮೂವತ್ತೊಂದು.

ಮುಳುಗೋರು ಚೀರ್ತಾರಂತ ಜನ ತಿಳದಾರ.
ಚೀರೋರು ಆಡ್ತಿರ್ತಾರ್ರಿ.
ನಾ ಹುಡುಕೋದು ಸುಮ್ಮನಾದವರನ್ನ.

ನಿನ್ನಿ ಎಣಿಕಿ ಮೂವತ್ತಕ್ಕ ನಿಂತಿತು.
ಸೀಟಿ ಊದಿದ್ದು ಬಾಯೋ ಎದಿಯೋ ಗೊತ್ತಿಲ್ಲ.
ಎಲ್ಲಾರೂ ಮ್ಯಾಲ ಬಂದ್ರು,
ನೀರು ಸುಮ್ಮನಾತು.
ತಳದ ನೀಲಿ ಬಿಲ್ಲೆ ಒಂದೊಂದೂ ನೋಡಿದೆ,
ಒಂದರ ಮ್ಯಾಲ ನನ್ನದೇ ನೆರಳಿತ್ತು,
ಎರಡು ಸಲ ಬೆದರಿದೆ.

ತಾಡಪತ್ರಿ ಆಚಿ ಬದಿ, ಬಿಸಲಾಗ,
ಕುರ್ಚಿಗೆ ಜೋತುಬಿದ್ದ ಜಗದೇವ ಮಾಸ್ತರರ ತಲಿಗೆ
ತನ್ನ ಹಸಿ ಟವೆಲ್ ಒತ್ತಿ ಹಿಡದು
ಅಫ್ರೋಜಾ ನಿಂತಿದ್ಲು. ಏಳು ವರ್ಷ.
"ಸರ್‌ಗೆ ಚಕ್ಕರ್ ಬಂದದ. ನಾ ಕೂಗಿದೆ,
ನೀವು ನೀರಿನ ಕಡೀನೇ ನೋಡ್ತಿದ್ರಿ."

ಬೈಯಬೇಕಂದೆ. ಬಾಯಿ ಬರಲಿಲ್ಲ.
ನೆರಳಿಗೆ ಎಳದು, ಉಪ್ಪು ಸಕ್ರಿ ನೀರು ಕಲಸಿದೆ,
ಗ್ಲಾಸು ಕೈಯಾಗ ನಡಗತಿತ್ತು.

ಇವತ್ತಿಂದ ಮೂವತ್ಮೂರು.
ಮಾಸ್ತರರನ್ನೂ ಎಣಸ್ತೀನಿ.
ನನ್ನನ್ನ ಅಫ್ರೋಜಾ ಎಣಸ್ತಾಳ,
ಬೆರಳು ಮಾಡಿ, ಜೋರಾಗಿ.