ಎಂಬತ್ತೈದು ಮನೆಗಳ ಓಣಿ

ಬಟೂಮಿಯ ಬಂದರಿನ ಹಿಂದಿನ ಬೀದಿ, ಮೂರನೇ ಮಹಡಿ,
ನವೆಂಬರಿನ ಬೆಳಗ್ಗೆ ಹನ್ನೊಂದು ಗಂಟೆ.
ಮೂರು ವರ್ಷದವರು ನಾಲ್ಕು ಜನ,
ನಾಲ್ಕು ಜೊತೆ ಒದ್ದೆ ಬೂಟು ಬಾಗಿಲಲ್ಲಿ.
ಅದರಲ್ಲೊಂದು ಜೊತೆಗೆ ಎರಡೂ ಎಡಗಾಲೇ;
ಬಲಗಾಲಿನದು ಯಾರ ಮನೆಯಲ್ಲಿ ಕಾಯುತ್ತಿದೆಯೋ.

ನಾನು ತ್ಸಿಯಾಲಾ. ಅರವತ್ತೇಳು.
ನನ್ನ ಪಿಯಾನೋ ನನಗಿಂತ ಎರಡು ವರ್ಷ ಹಿರಿದು,
ಹಳೇ ಸರ್ಕಾರದ ಕಾರ್ಖಾನೆಯ ಕೂಸು.
ಐದು ಜನ ಹೊತ್ತು ಮೆಟ್ಟಿಲು ಹತ್ತಿಸಿದರು,
ಇಳಿಸಲು ಯಾರೂ ಬರಲಿಲ್ಲ.

"ಇದೊಂದು ಓಣಿ" ಎನ್ನುತ್ತೇನೆ ಮುಚ್ಚಳ ಎತ್ತಿ.
"ಬಿಳಿ ಮನೆ, ಕರಿ ಮನೆ, ಎಲ್ಲ ಸೇರಿ ಎಂಬತ್ತೈದು.
ಎಡಗಡೆಯ ಕೊನೆಗೆ ಕರಡಿ,
ಬಲಗಡೆಯ ಕೊನೆಗೆ ಗುಬ್ಬಿ.
ಬಾಗಿಲು ತಟ್ಟಿ, ಯಾರ್‍ಯಾರು ಇದ್ದಾರೆ ನೋಡೋಣ."

ಗ್ವಾಂತ್ಸಾ ಮೊಣಕೈಯಿಂದ ತಟ್ಟುತ್ತಾಳೆ:
ಎಂಟು ಮನೆಯವರು ಒಟ್ಟಿಗೆ ಹೊರಬಂದು ಜಗಳ.
ಇರಾಕ್ಲಿ ಒಂದೇ ಬೆರಳಲ್ಲಿ, ಬಿಸಿ ಹಾಲು ಮುಟ್ಟುವ ಹಾಗೆ.
ತೆಕ್ಲೆ ಮೂಗಿನಿಂದ.
ವಾಖೋ ತಟ್ಟುವುದೇ ಇಲ್ಲ;
ಪಿಯಾನೋದ ಕೆಳಗೆ ತೂರಿ, ಹಲಗೆಗೆ ಬೆನ್ನು ಕೊಟ್ಟು
ಗುಡುಗು ಎಲ್ಲಿ ಹುಟ್ಟುತ್ತದೆಂದು ಹುಡುಕುತ್ತಾನೆ.
ಅವನ ತಾಯಿ ಕೇಳುತ್ತಾಳೆ, ಇವನು ಕಲಿಯುವುದು ಯಾವಾಗ?
ಕಲಿಯುತ್ತಿದ್ದಾನಲ್ಲ, ಬೆನ್ನಿನಿಂದ.

ನನಗೆ ಕಲಿಸಿದಾಕೆ ಮುಂಗೈ ಮೇಲೆ ನಾಣ್ಯ ಇಡುತ್ತಿದ್ದಳು.
ಬಿದ್ದರೆ ಸ್ಕೇಲು.
ಬೆರಳಿಗೆ ಪಾಠ ಬಂತು, ಭುಜಕ್ಕೆ ಭಯ ಬಂತು.
ಇವತ್ತಿಗೂ ಚಿಲ್ಲರೆ ಸದ್ದಾದರೆ ಮಣಿಕಟ್ಟು ಬಿಗಿಯುತ್ತದೆ,
ಮೀನಿನಂಗಡಿಯಲ್ಲೂ.

ಇವರ ಅಂಗೈಗೆ ಒಂದೊಂದು ಪುಟ್ಟ ಕಿತ್ತಳೆ,
ನಮ್ಮ ಗುಡ್ಡದ್ದು, ಎಲೆ ಇನ್ನೂ ಅಂಟಿಕೊಂಡಿರುವುದು.
"ಹಿಡಿ, ಹಿಸುಕಬೇಡ.
ಈಗ ಹಣ್ಣು ತೆಗೆ. ಕೈ ಹಾಗೇ ಇರಲಿ."
ಇರುತ್ತದೆ, ಮೂರು ಕ್ಷಣ.
ಆಮೇಲೆ ಪಾಠವನ್ನು ಸುಲಿದು ತಿನ್ನುತ್ತಾರೆ.
ಬಿಳಿ ಮನೆಗಳ ಜಗಲಿಯಲ್ಲಿ ಬೀಜ, ಅಂಟು,
ಓಣಿಗೆಲ್ಲ ಘಮ.

ನಟ್ಟನಡುವೆ ಒಂದು ಮನೆ, ತಟ್ಟಿದರೆ ಓಗೊಡುವುದಿಲ್ಲ.
ಒತ್ತಿದರೆ ತಗ್ಗುತ್ತದೆ, ಹತ್ತಿಯ ಹಾಗೆ, ಅಷ್ಟೆ.
ಹತ್ತು ವರ್ಷದಿಂದ ರಿಪೇರಿಗೆ ದುಡ್ಡು ಕೂಡಿರಲಿಲ್ಲ,
ಅದಕ್ಕೇ ಸುಳ್ಳು ಹೇಳಿದ್ದೆ: "ಅಲ್ಲಿ ಅಜ್ಜಿ ಮಲಗಿದ್ದಾರೆ."
ಅಂದಿನಿಂದ ಕರಡಿಗೂ ಅಲ್ಲಿ ತುದಿಗಾಲು.
ಗ್ವಾಂತ್ಸಾಳ ಮೊಣಕೈ ಕೂಡ
ಅದೊಂದನ್ನು ದಾಟಿ ಆಚೆ ಇಳಿಯುತ್ತದೆ.
ಹೊರಡುವಾಗ ತೆಕ್ಲೆ ಕರವಸ್ತ್ರ ಹೊದಿಸುತ್ತಾಳೆ.
ಸುಮ್ಮನಿರುವುದನ್ನು ನಾನು ಕಲಿಸಿರಲಿಲ್ಲ,
ಪುಸ್ತಕದಲ್ಲಿ ಅದು ಎರಡನೇ ವರ್ಷಕ್ಕೆ ಬರುತ್ತದೆ.

ಫೆಬ್ರವರಿಯಲ್ಲಿ ಝುರಾಬ್ ಬಂದ,
ಶ್ರುತಿ ಮಾಡುವವನು, ಒಂದು ಕಿವಿ ಮಂದ.
ಪಿಯಾನೋದ ಎದೆ ಬಿಚ್ಚಿ ನೋಡಿದರೆ ಸುತ್ತಿಗೆ ಮುರಿದಿಲ್ಲ,
ಅದರ ಬೆನ್ನಿಗೆ ಸಿಕ್ಕಿಕೊಂಡಿದ್ದು ಒಂದು ಕೆಂಪು ಗುಂಡಿ,
ಯಾವುದೋ ಮಗುವಿನ ಕೋಟಿನದು.
ಆ ಮಗುವಿಗೆ ಈಗ ಮೀಸೆ ಬರುತ್ತಿರಬಹುದು.
"ಇಷ್ಟೇನಾ" ಎಂದ. ದುಡ್ಡು ಬೇಡವೆಂದ. ಚಹಾ ಕುಡಿದು ಹೋದ.

ಮರುದಿನ ಇರಾಕ್ಲಿ ಮರೆತು ಬೆರಳಿಟ್ಟ.

ಟಿಣ್‌.

ನಾಲ್ಕು ಜೊತೆ ಕಣ್ಣು ಅಲ್ಲ, ಮೂರು ಜೊತೆ, ನನ್ನ ಮೇಲೆ.
ಬೆರಳು ಅಲ್ಲೇ ಕಲ್ಲಾಯಿತು.
ತೆಕ್ಲೆಯ ತುಟಿ ನಡುಗಿ,
"ಎಬ್ಬಿಸಿಬಿಟ್ಟ!"

ಏನು ಹೇಳಲಿ? ಬಾಯಿ ತೆರೆದೆ.
ಅಷ್ಟರಲ್ಲಿ ಕೆಳಗಿನಿಂದ ಒಂದು ಪುಟ್ಟ ಕೈ
ಬಲಗಡೆಯ ಪೆಡಲನ್ನು ಒತ್ತಿ ಹಿಡಿಯಿತು.
ಇರಾಕ್ಲಿ ಬೆರಳು ಎತ್ತಿದ. ಸದ್ದು ಹೋಗಲಿಲ್ಲ.

"ಶ್‌..." ಎಂದ ವಾಖೋ ಕತ್ತಲೊಳಗಿಂದ,
"ಅಜ್ಜಿ ಮಾತಾಡ್ತಿದ್ದಾರೆ."

ಬಂದರಿನಲ್ಲಿ ಹಡಗೊಂದು ಕೂಗಿತು, ಬೇರೆ ಶ್ರುತಿಯಲ್ಲಿ.
ಯಾರೂ ಅತ್ತ ತಿರುಗಲಿಲ್ಲ.
ಅಜ್ಜಿಯ ದನಿ ಎಳೆಯಾಗಿ, ಎಳೆಯ ಎಳೆಯಾಗಿ
ಎಲ್ಲಿ ಮುಗಿಯಿತೋ ನನಗೆ ತಿಳಿಯಲಿಲ್ಲ.
ತಿಳಿದವನು ಕೆಳಗಿದ್ದ.

ಗುಂಡಿ ನನ್ನ ಜೇಬಿನಲ್ಲಿದೆ.
ಕಿತ್ತಳೆಯ ಕಾಲ ಮುಗಿಯಿತು,
ನಾಳೆಗೆ ಅಕ್ರೋಟು ತರಬೇಕು.