ಕಾಯುವುದು

ರಾತ್ರಿ ಮೂರಕ್ಕೆ ಬಂದ ಬೊಗ್ದಾನ್.
ಎರಡು ಮೊಟ್ಟೆ, ಬ್ರೆಡ್ಡು, ಸಕ್ಕರೆಯಿಲ್ಲದ ಚಹಾ.
ಅಟಕಾಮದ ಮಣ್ಣು ಅವನ ಹುಬ್ಬಿನ ಮೇಲೆ.
ಎರ್ಮೆಲಿಂಡಾ, ನೋಡಿಲ್ಲಿ, ಎಂದು ಫೋನು ಚಾಚಿದ:
ಕಪ್ಪು ಪರದೆಯ ನಡುವೆ ಒಂದು ಮಸುಕು,
ಬಾಣಲೆಗೆ ಅಂಟಿ ಉಳಿದ ಹಳದಿಯಷ್ಟು.

ನಕ್ಷತ್ರವಂತೆ. ಅಲ್ಲ, ಇನ್ನೂ ಆಗಿಲ್ಲ,
ಆಗುವುದಕ್ಕೆ ಕೂತಿದೆ.
ಕಣ್ಣಿಗೆ ಕಾಣದು, ದೂಳು ಹೊದ್ದಿದೆ;
ಮೇಲಿನ ಬಯಲಲ್ಲಿ, ಉಸಿರು ಸಾಲದ ಎತ್ತರದಲ್ಲಿ,
ಬಿಳಿ ತಟ್ಟೆಗಳು ಸಾಲಾಗಿ ಬಾಯಿ ತೆರೆದು
ಅದರ ಮೈಬಿಸಿ ಹಿಡಿದು ತಂದಿವೆಯಂತೆ.

ಎಲ್ಲಿ, ಎಂದೆ. ಹೊರಗೆ ಕರೆದು ತೋರಿಸಿದ.
ನನಗೆ ನಗು ಬಂತು.
ಅದು ನಮ್ಮ ಲಾಮಾ!
ಸೊಕಾಯ್ರೆಯಲ್ಲಿ ಮಂದೆ ಕಾಯುತ್ತಿದ್ದ ಅಜ್ಜಿ
ನನ್ನ ಗದ್ದ ಹಿಡಿದು ಮೇಲೆತ್ತಿ ಹೇಳುತ್ತಿದ್ದಳು:
ಬೆಳಕು ನೋಡಬೇಡ ಹುಡುಗಿ, ಬೆಳಕು ಯಾರಿಗೂ ಕಾಣುತ್ತದೆ,
ನಡುವಿನ ಕಪ್ಪು ನೋಡು.
ಉದ್ದ ಕುತ್ತಿಗೆ, ಕೆಳಗೆ ಮೊಲೆಯುಣ್ಣುವ ಮರಿ,
ಎರಡೇ ಎರಡು ಚುಕ್ಕಿ, ಅವು ಕಣ್ಣು.

ಬೊಗ್ದಾನ್ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ:
ಆ ಕಪ್ಪು ಖಾಲಿಯಲ್ಲ. ಅಲ್ಲಿಯ ಚಳಿಯ ಮುಂದೆ
ಈ ಚಳಿ ಒಲೆ ಇದ್ದ ಹಾಗೆ.
ಚಳಿಯೇ ಬೇಕು ಅದಕ್ಕೆ.
ಬಿಸಿಯಿದ್ದರೆ ಕಣದ ಪಕ್ಕ ಕಣ ನಿಲ್ಲದು, ಓಡಾಡುತ್ತದೆ;
ತಣ್ಣಗಾದರೆ
ತನ್ನ ಭಾರಕ್ಕೆ ತಾನೇ ಒಳಗೊಳಗೆ ಕುಸಿದು, ಸುತ್ತಿ, ಬಿಗಿದು,
ಬಿಗಿದದ್ದು ಕಾಯತೊಡಗಿ, ಕಾದು ಕಾದು
ಒಂದು ದಿನ ಹೊತ್ತಿಕೊಳ್ಳುತ್ತದೆ.

ನಾನಂದೆ: ಲಾಮಾ ರಾತ್ರಿ ಈಯುವುದಿಲ್ಲ.
ಬಿಸಿಲೇರುವ ತನಕ ತಡೆದು ಹಿಡಿಯುತ್ತದೆ,
ಒದ್ದೆ ಮರಿ ಒಣಗಬೇಕಲ್ಲ.
ಒಂದು ವರ್ಷ ಮಾತ್ರ, ನನಗೆ ಹನ್ನೊಂದು,
ಕಂದು ಬಣ್ಣದ್ದು ತಡೆಯಲಾರದೆ ನಡುರಾತ್ರಿ ಮರಿ ಹಾಕಿತು.
ಅಜ್ಜಿ ತನ್ನ ಕಂಬಳಿ ಕೊಟ್ಟಳು,
ನಾನು ಅಂಗಿಯೊಳಗೆ ಸೇರಿಸಿಕೊಂಡು ಬೆಳಗಿನ ತನಕ ಕಾದೆ.
ಬೆಳಗಾಯಿತು.
ಮರಿ ಇರಲಿಲ್ಲ.

ಇದಕ್ಕೆ ಇನ್ನೂ ಲಕ್ಷ ವರ್ಷ, ಎಂದ
ಫೋನಿನ ಕಡೆ ನೋಡುತ್ತ, ತಪ್ಪು ತನ್ನದೆನ್ನುವಂತೆ.
ಮೊಟ್ಟೆ ಆರಿಹೋಗಿತ್ತು. ತಿಂದ.

ಅವನು ಹೋದ ಮೇಲೆ ಬಾಣಲೆ ತೊಳೆದೆ.
ನಾಲ್ಕಕ್ಕೆ ಡ್ರೈವರುಗಳು ಬರುತ್ತಾರೆ, ನೀರು ಕಾಯಲಿಟ್ಟೆ.
ಬಾಗಿಲು ಹಾಕಲು ಹೋದವಳು
ಹೊಸ್ತಿಲಲ್ಲೇ ನಿಂತು ಮೇಲೆ ನೋಡಿದೆ,
ಆ ಕಪ್ಪು ಹೊಟ್ಟೆಯ ಹತ್ತಿರ, ಅವನು ತೋರಿಸಿದ ಕಡೆ.
ಏನೂ ಕಾಣಲಿಲ್ಲ.
ಕೈ ಆಗಲೇ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು.